ಮೂರು ಮೂಲೆ ಹರಿದ ಲಗ್ನಪತ್ರಿಕೆ

॥ ಶ್ರೀ ಬನಶಂಕರಿ ಪ್ರಸನ್ನ ॥

ಜಿಗಣಿ
26-8-2024

ಭುವನೇಶ್ವರಿ ಅಕ್ಕೋರಿಗೆ,

ಏಳನೇ ತರಗತಿಯ ಸವಿತಾಳ ಅಜ್ಜಿ ಮಹಾಂತಮ್ಮ ಬರೆಯುವುದು. ಶಾಲಾ ಸಮಿತಿಯ ಅಧ್ಯಕ್ಷೆ ಎಂದರೆ ಬೇಗ ನೆನಪಾದೀತು. ನಿಮ್ಮ ಮೇಲೆ ಕೊಟ್ಟ ದೂರಿನಲ್ಲಿ ಮೊದಲ ಸಹಿ ನನ್ನದೇ.

ಫೋನು ಹಚ್ಚಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಹೊಸ ನಂಬರನ್ನು ಯಾರಿಗೂ ಕೊಡಬೇಡಿ ಎಂದು ನೀವು ಹೇಳಿದ್ದೀರೆಂದು ಹೆಡ್ ಮಾಸ್ತರರು ಶಾಲೆಯ ವಿಳಾಸವನ್ನಷ್ಟೇ ಕೊಟ್ಟರು. ಊರಿನ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು ನಾನು. ಕಾಗದ ಬರೆದು ಮೂವತ್ತು ವರ್ಷವಾಗಿದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ, ಅದು ನಿಮ್ಮ ಕೆಲಸವೇ.

ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಜುಲೈ ಇಪ್ಪತ್ತರ ಶನಿವಾರ ಸಮಿತಿಯ ಸಭೆಗೆ ಬಂದವಳು ನಿಮ್ಮ ತರಗತಿಯ ಮುಂದೆ ಹಾದುಹೋಗುತ್ತಿದ್ದೆ. ನೆಲದ ತುಂಬ ಹರಿದ ಲಗ್ನಪತ್ರಿಕೆಗಳ ಮೂಲೆಗಳು. ಅವುಗಳ ನಡುವೆ ನಮ್ಮ ಮನೆದೇವರು ಬನಶಂಕರಿಯ ಅರ್ಧ ಮುಖ. ಮಕ್ಕಳ ಕಾಲು ಅಲ್ಲಿಂದ ಒಂದು ಗೇಣು. ದೇವರ ಚಿತ್ರವಿರುವ ಕಾಗದವನ್ನು ನಾವು ಹರಿಯುವವರಲ್ಲ, ಅಕ್ಕೋರೆ. ಹಳೆಯದಾದರೆ ನೀರಿಗೆ ಬಿಡುತ್ತೇವೆ, ನೀರಿಲ್ಲದಿದ್ದರೆ ಗಿಡದ ಬುಡಕ್ಕೆ ಇಡುತ್ತೇವೆ. ಅಲ್ಲೇ ನಿಂತು ಕೂಗಾಡಿದೆ. ಕೂಗಾಡಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿಲ್ಲ.

ಆದರೆ ನಿಮ್ಮನ್ನು ಆ ಕಾಡಂಚಿನ ಶಾಲೆಗೆ ನಿಯೋಜನೆ ಮೇಲೆ ಕಳಿಸಿ ತಿಂಗಳಾಯಿತು, ನಿಮ್ಮ ಜಾಗಕ್ಕೆ ಯಾರೂ ಬಂದಿಲ್ಲ. ಗಣಿತದ ಅವಧಿಯಲ್ಲಿ ಮಕ್ಕಳು ಕಾಪಿ ಬರೆಯುತ್ತಾರಂತೆ. ಸವಿತಾ ಜಾಮಿಟ್ರಿ ಬಾಕ್ಸ್ ಮುಟ್ಟುವುದನ್ನೇ ಬಿಟ್ಟಿದ್ದಾಳೆ.

'ತ್ರಿಭುಜದ ಪಾಠ ಎಲ್ಲಿಗೆ ಬಂತವ್ವಾ?'

'ಅಲ್ಲೇ ಐತಿ.'

ದಿನಕ್ಕೆ ನನಗೆ ಸಿಗುವ ಮಾತು ಇಷ್ಟು. ಮೊದಲು ಸಂಜೆ ನಾನು ಗಾರ್ಮೆಂಟ್ಸ್‌ನಿಂದ ಬರುವುದನ್ನೇ ಕಾದಿದ್ದು, ಬಾಗಿಲು ತೆರೆದರೆ ಎಷ್ಟು ಕೋನ, ಚಪಾತಿ ಮಡಚಿದರೆ ಎಷ್ಟು ಕೋನ ಎಂದು ತಲೆ ತಿನ್ನುತ್ತಿದ್ದ ಹುಡುಗಿ.

ನನ್ನದು ಒಂದೇ ಪ್ರಶ್ನೆ. ಹರಿಸಿದ್ದಾದರೂ ಯಾಕೆ? ಕತ್ತರಿ ಇರಲಿಲ್ಲವೇ? ಹನ್ನೆರಡು ವರ್ಷದಿಂದ ಅಂಗಿಗಳ ದಾರ ಕತ್ತರಿಸುವುದೇ ನನ್ನ ಕೆಲಸ. ನನ್ನನ್ನು ಕೇಳಿದ್ದರೆ ನಲವತ್ತೆರಡು ಮಕ್ಕಳಿಗೂ ಅಚ್ಚುಕಟ್ಟಾಗಿ ಕತ್ತರಿಸಿ ಕೊಡುತ್ತಿದ್ದೆ. ದೇವಿಯ ಮುಖವನ್ನು ಬಿಟ್ಟು ಕತ್ತರಿಸುತ್ತಿದ್ದೆ.

ಉತ್ತರ ಬರೆಯಿರಿ.

ಇತಿ,
ಮಹಾಂತಮ್ಮ ಸಂಗಣ್ಣ
ಅಶ್ವತ್ಥಮ್ಮನವರ ವಠಾರ



12-9-2024

ಮಹಾಂತಮ್ಮನವರಿಗೆ ನಮಸ್ಕಾರ.

ಪತ್ರ ಬಂದು ಹತ್ತು ದಿನಗಳ ಮೇಲಾಯಿತು. ಉತ್ತರಿಸಬಾರದು ಎಂದೇ ಇದ್ದೆ.

ನಂಬರ್ ಬದಲಿಸಿದ ಕಾರಣವನ್ನು ಮೊದಲು ಹೇಳುತ್ತೇನೆ. ನಿಮ್ಮ ಸಮಿತಿಯ ಪರಮಾನಂದ ಅವರು ನೆಲದ ಮೇಲಿನ ಚೂರುಗಳ ಫೋಟೋ ತೆಗೆದು ಹಂಚಿದರು. ಅದು ಯಾವ್ಯಾವ ಗುಂಪಿಗೆ ಹೋಯಿತೋ, ಹೆಸರು ಗೊತ್ತಿಲ್ಲದವರೆಲ್ಲ ಕರೆ ಮಾಡಿ ಬೈದರು. ಅಂಥ ಒಂದು ಕರೆಯನ್ನು ನನ್ನ ತಾಯಿ ಎತ್ತಿಕೊಂಡರು. ಅವರು ಪ್ರತಿ ಶುಕ್ರವಾರ ಉಪವಾಸ ಮಾಡುವವರು.

ನನ್ನ ತಪ್ಪು ಇದೆ. ಮನೆಯಲ್ಲಿರುವ ಹಳೆಯ ಲಗ್ನಪತ್ರಿಕೆ ತನ್ನಿ, ದಪ್ಪ ಕಾಗದ ಒಳ್ಳೆಯದು, ಆದರೆ ದೇವರ ಚಿತ್ರವಿರುವ ಭಾಗವನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಶುಕ್ರವಾರ ಕೊನೆಯ ಗಂಟೆಯಲ್ಲಿ ಒಂದೇ ಒಂದು ಸಲ ಹೇಳಿದೆ. ಶನಿವಾರ ಬೆಳಿಗ್ಗೆ ನಲವತ್ತೆರಡು ಮಕ್ಕಳ ಕೈಯಲ್ಲಿ ಏನಿದೆ ಎಂದು ನೋಡಲಿಲ್ಲ. ಫ್ಯಾನ್ ಹಾಕಿದ್ದೆ, ಮೇಜಿನ ಮೇಲಿನ ಚೂರುಗಳು ಹಾರಿ ನೆಲಕ್ಕೆ ಬಿದ್ದವು. ಇಷ್ಟಕ್ಕೆ ನೀವು ಬೈದರೆ ತಲೆ ತಗ್ಗಿಸುತ್ತೇನೆ.

ದೂರಿನಲ್ಲಿರುವುದು ಇಷ್ಟೇ ಅಲ್ಲ. 'ಶಿಕ್ಷಕಿಯು ದೇವರ ಚಿತ್ರಗಳನ್ನು ಮಕ್ಕಳಿಂದ ಹರಿಸಿ, ಕಾಲಿನಿಂದ ತುಳಿಸಿದ್ದಾರೆ' ಎಂದಿದೆ. ತುಳಿಸಿದ್ದನ್ನು ನೀವು ನೋಡಿದಿರಾ? ವಿಚಾರಣೆ ಇನ್ನೂ ನಡೆಯುತ್ತಿದೆ. ಆ ಒಂದು ಪದ ನನ್ನ ಸೇವಾ ಪುಸ್ತಕಕ್ಕೆ ಏರಿದರೆ ನಾನು ನಿವೃತ್ತಳಾಗುವವರೆಗೂ ಅಲ್ಲೇ ಇರುತ್ತದೆ.

ಹರಿಸಿದ್ದು ಯಾಕೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನಿಮ್ಮ ಕತ್ತರಿಯಿಂದಲೇ ಮಾಡಿ ನೋಡಿ. ಚಿತ್ರವಿಲ್ಲದ ಒಂದು ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ. ಮೂರು ಬದಿಯೂ ಬೇರೆ ಬೇರೆ ಅಳತೆಯದಿರಲಿ. ಅದರ ಮೂರೂ ಮೂಲೆಗಳನ್ನು ಕತ್ತರಿಯಿಂದಲೇ ಬೇರೆ ಮಾಡಿ, ಬುಟ್ಟಿಗೆ ಹಾಕಿ ಕಲಸಿ. ಆಮೇಲೆ ಆ ಮೂರು ಮೂಲೆಗಳ ತುದಿ ಒಂದೇ ಕಡೆ ಸೇರುವಂತೆ ಒತ್ತಿಟ್ಟು ಜೋಡಿಸಿ. ಕೆಳಗಡೆ ನೆಟ್ಟಗೆ ಒಂದು ಗೆರೆ ಬರಬೇಕು. ಯಾವ ತ್ರಿಭುಜವಾದರೂ ಬರಲೇಬೇಕು. ಪಾಠ ಅದೇ.

ಬಂದರೆ ತಿಳಿಸಿ.

ಇಂತಿ,
ಭುವನೇಶ್ವರಿ



॥ ಶ್ರೀ ಬನಶಂಕರಿ ಪ್ರಸನ್ನ ॥

ಜಿಗಣಿ
15-10-2024

ಭುವನೇಶ್ವರಿ ಅಕ್ಕೋರಿಗೆ,

'ನೀವು ನೋಡಿದಿರಾ' ಎಂಬ ಸಾಲಿಗೆ ಬಂದು ನಿಮ್ಮ ಪತ್ರವನ್ನು ಮಡಚಿ ದೇವರ ಜಗಲಿಯ ಹಿಂದೆ ಇಟ್ಟುಬಿಟ್ಟೆ. ದಸರೆಗೆ ಜಗಲಿ ಒರೆಸುವಾಗ ಮತ್ತೆ ಕೈಗೆ ಬಂತು. ಆಯುಧಪೂಜೆಗೆ ಕತ್ತರಿ ತೊಳೆದು ಕುಂಕುಮ ಹಚ್ಚಿ ಪೂಜೆಗಿಟ್ಟಿದ್ದೆ. ಪೂಜೆಗಿಟ್ಟ ಕತ್ತರಿಯನ್ನು ಮರುದಿನ ಬನ್ನಿ ಕೊಟ್ಟು ಬರುವ ತನಕ ನಾವು ಮುಟ್ಟುವುದಿಲ್ಲ. ಬನ್ನಿ ಕೊಟ್ಟು ಬಂದವಳು ಮೊದಲು ಕತ್ತರಿಸಿದ್ದು ನಿಮ್ಮ ತ್ರಿಭುಜವನ್ನು.

ಅಂಗಿ ಮಡಚುವಾಗ ಒಳಗಿಡುವ ರಟ್ಟು ನಮ್ಮಲ್ಲಿ ಬೇಕಾದಷ್ಟಿದೆ. ಗೆರೆ ಕೊಯ್ದಂತೆ ಕತ್ತರಿಸಿದೆ. ಮೂರು ಮೂಲೆ ಬೇರೆ ಮಾಡಿದೆ, ಬುಟ್ಟಿಗೆ ಹಾಕಿದೆ, ಜೋಡಿಸಿದೆ. ಸೊಟ್ಟ. ಮತ್ತೆ ತಿರುಗಿಸಿ ಇಟ್ಟೆ. ಇನ್ನೂ ಸೊಟ್ಟ. ಒಮ್ಮೆ ಗೆರೆ ದಾಟಿ ಮುಂದೆ ಹೋಯಿತು, ಒಮ್ಮೆ ಗೆರೆಗೆ ಮುಟ್ಟಲೇ ಇಲ್ಲ. ಎರಡನೇ ತ್ರಿಭುಜವೂ ಹಾಗೇ ಆಯಿತು. ನಮ್ಮ ಮನೆಯವರು ಗ್ರಾನೈಟ್ ಫ್ಯಾಕ್ಟರಿಯಿಂದ ಬಂದವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

'ಈ ವಯಸ್ಸಿನ್ಯಾಗ ಏನ್ ಹುಡುಗಾಟ ಹಚ್ಚೀಯ?'

'ಸುಮ್ಕ ಕೂಡ್ರಿ. ಮೂರು ಮೂಲಿ ಕೂಡಿಸಿದ್ರ ನೆಟ್ಟಗ ಗೆರಿ ಬರಬೇಕಂತ.'

'ಬಂತೇನು?'

'ಬಂದಿದ್ರ ನಿಮ್ಮ ಜೋಡಿ ಯಾಕ ಮಾತಾಡ್ತಿದ್ದೆ?'

ಮನೆ ಮಾಲೀಕರಾದ ಅಶ್ವತ್ಥಮ್ಮ ಮೇಲಿನ ಮಹಡಿಯಿಂದ ಬಗ್ಗಿ, 'ಏನ್ ಮಹಾಂತಮ್ಮ, ಅಬ್ಬದ್ ದಿನ ಬಾಕ್ಲಲ್ಲಿ ಕಸ ಆಕ್ಕೊಂಡ್ ಕೂತಿದ್ದೀಯ? ಮೋರಿ ಕಟ್ಕೊಂಡ್ರೆ ನೀನೇ ಕೈ ಆಕಿ ತೆಗೀಬೇಕು ನೋಡು!' ಎಂದರು. ಸವಿತಾ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ಅಕ್ಕೋರೆ. ಎಲ್ಲಿ ತಪ್ಪುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಮೂರನೆಯದೂ ಸೊಟ್ಟ ಬಂದಾಗ ನನಗೆ ತಡೆಯಲಾಗಲಿಲ್ಲ. ನಾಲ್ಕನೇ ತ್ರಿಭುಜದ ಮೂರೂ ಮೂಲೆಗಳನ್ನು ಸಿಟ್ಟಿನಿಂದ ಪರಪರ ಹರಿದು ಎಸೆದೆ. ಆಮೇಲೆ ಗುಡಿಸಲು ಬಗ್ಗಿದಾಗ ಚೂರುಗಳನ್ನು ನೋಡಿದೆ. ಹರಿದ ಕಡೆ ಜುಂಗು ಜುಂಗು. ಮೊದಲೇ ಇದ್ದ ಎರಡು ಬದಿ ನುಣ್ಣಗೆ. ನುಣ್ಣನೆಯ ಎರಡು ಬದಿ ಎಲ್ಲಿ ಸೇರುತ್ತವೋ ಅದೇ ತ್ರಿಭುಜದ ನಿಜವಾದ ಮೂಲೆ. ಕತ್ತರಿಯಿಂದ ಕತ್ತರಿಸಿದ ಚೂರಿಗೆ ಮೂರು ಕಡೆಯೂ ನುಣುಪು, ಮೂರು ಕಡೆಯೂ ಚೂಪು. ಯಾವುದು ಮೊದಲಿನ ಮೂಲೆ, ಯಾವುದು ನಾನು ಮಾಡಿದ ಮೂಲೆ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ನೆಲದ ಮೇಲಿದ್ದ ಆ ಮೂರನ್ನು ಹಾಗೇ ಒತ್ತಿಟ್ಟೆ. ನೆಟ್ಟಗೆ ಬಂತು. ಮನೆಯವರು ಮೂಲೆಮಟ್ಟ ತಂದು ಅಂಚಿಗೆ ಇಟ್ಟು ನೋಡಿದರು. ಕೂದಲೆಳೆಯಷ್ಟೂ ಸಂದಿಲ್ಲ.

ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಕತ್ತರಿಸಿದ್ದರೂ ಆಗುತ್ತಿತ್ತಲ್ಲ ಎಂದರು ಅವರು. ಅದಕ್ಕೆ ನೀವೇ ಉತ್ತರ ಹೇಳಬೇಕು.

ಈಗ ನಿಮ್ಮ ಪ್ರಶ್ನೆ. ನೋಡಿಲ್ಲ. ತುಳಿಸಿದ್ದನ್ನು ನಾನು ನೋಡಿಲ್ಲ. ದೂರು ಬರೆದದ್ದು ಪರಮಾನಂದ. ಜೆರಾಕ್ಸ್ ಅಂಗಡಿಯವನಾದ್ದರಿಂದ ಸಮಿತಿಯ ಬರೆಯುವ ಕೆಲಸವೆಲ್ಲ ಅವನದೇ. ಓದದೆ ಸಹಿ ಹಾಕಿದೆ ಎಂದರೆ ನಿಮಗೂ ನನಗೂ ಹಗುರಾದೀತು. ಆದರೆ ಓದಿದೆ. ಆ ಪದದ ಮೇಲೆ ಕಣ್ಣು ನಿಂತಿತು. ಇರಲಿ ಎಂದುಕೊಂಡು ಸಹಿ ಹಾಕಿದೆ.

ಇನ್ನೊಂದು ಮಾತು. ನಾನು ಯಾರಿಗೂ ಹೇಳಿಲ್ಲ. ದೇವಿಯ ಅರ್ಧ ಮುಖವಿದ್ದ ಆ ಲಗ್ನಪತ್ರಿಕೆ ನನ್ನ ಮಗಳದು. ಸವಿತಾಳ ತಾಯಿ ಮಲಕವ್ವನದು. ಅವಳು ಜ್ವರದಲ್ಲಿ ತೀರಿಕೊಂಡು ಆರು ವರ್ಷ. ಫೋಟೋಗಳೆಲ್ಲ ಅಳಿಯ ಯಂಕಪ್ಪನ ಮನೆಯಲ್ಲಿ ಉಳಿದವು, ಅವನು ಬೇರೆ ಮದುವೆಯಾದ. ನನ್ನ ಪಾಲಿಗೆ ಇದ್ದದ್ದು 'ಚಿ. ಸೌ. ಮಲಕವ್ವ' ಎಂದು ಅಚ್ಚಾದ ಅದೊಂದೇ ಪತ್ರಿಕೆ, ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ. ಹುಡುಗಿ ಯಾವಾಗ ತೆಗೆದಳೋ. ದೇವಿಯ ಮುಖ ನೋಡಿ ಸಿಟ್ಟು ಬಂದದ್ದು ಸುಳ್ಳಲ್ಲ, ದೇವಿಯ ಮುಂದೆಯೇ ಕುಳಿತು ಬರೆಯುತ್ತಿದ್ದೇನೆ. ಆದರೆ ಬೇರೆ ಯಾರದಾದರೂ ಪತ್ರಿಕೆಯಾಗಿದ್ದರೆ ಆ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡು, ನಿಮಗೆ ನಾಲ್ಕು ಮಾತು ಅಂದು ಮನೆಗೆ ಹೋಗುತ್ತಿದ್ದೆ.

ಇತಿ,
ಮಹಾಂತಮ್ಮ



7-11-2024

ಮಹಾಂತಮ್ಮನವರಿಗೆ,

ಗುರುತು ಹಾಕಿ ಕತ್ತರಿಸುವುದನ್ನು ಮೊದಲ ವರ್ಷ ಮಾಡಿಸಿ ನೋಡಿದ್ದೆ. ಅರ್ಧ ಮಕ್ಕಳು ಗುರುತು ಹಾಕಲು ಮರೆತರು, ಉಳಿದರ್ಧ ಮಕ್ಕಳ ಗುರುತು ಅಳಿಸಿಹೋಯಿತು. ಹರಿದ ಅಂಚು ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ. ನಿಮ್ಮ ಯಜಮಾನರಿಗೆ ಹೇಳಿ.

ಉಳಿದದ್ದಕ್ಕೆ ಏನು ಬರೆಯಬೇಕೆಂದು ಮೂರು ವಾರ ಯೋಚಿಸಿದೆ. ನೀವು ಓದಿ ಸಹಿ ಹಾಕಿದ್ದನ್ನು ನಾನು ಮರೆಯಲಾರೆ. ನಿಜ ಹೇಳಿದಿರಿ ಎಂದು ಅದು ಕಡಿಮೆಯಾಗುವುದಿಲ್ಲ. ಆದರೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲ.

ಸವಿತಾ ಆ ದಿನ ಐದು ಪತ್ರಿಕೆ ತಂದಿದ್ದಳು. ನಾಲ್ಕನ್ನು ತರದೇ ಇದ್ದ ಮಕ್ಕಳಿಗೆ ಕೊಟ್ಟಳು. ಐದನೆಯದರ ಮೇಲೆ ಗೆರೆ ಎಳೆದು ಅಳಿಸಿದಳು, ಮತ್ತೆ ಎಳೆದು ಅಳಿಸಿದಳು. ಯಾಕಿಷ್ಟು ಹೊತ್ತು ಎಂದೆ. 'ನಡುವೆ ಬರ್ಬೇಕು ಮಿಸ್' ಎಂದಳು. ಏನು ನಡುವೆ ಬರಬೇಕೆಂದು ಕೇಳಲು ನನಗೆ ಪುರಸೊತ್ತಿರಲಿಲ್ಲ. ತ್ರಿಭುಜದ ಮೂರು ಮೂಲೆ ಹರಿದರೆ ಮಧ್ಯೆ ಒಂದು ತುಂಡು ಉಳಿಯುತ್ತದೆ. ಅದರಿಂದ ಪಾಠಕ್ಕೆ ಉಪಯೋಗವಿಲ್ಲ, ಮಕ್ಕಳು ಬಿಸಾಡುತ್ತಾರೆ. ಸವಿತಾ ಮೊದಲು ಪುಸ್ತಕಕ್ಕೆ ಅಂಟಿಸಿದ್ದೇ ಆ ತುಂಡನ್ನು. 'ಅದಲ್ಲ ಕಣೇ, ಮೂಲೆ ಅಂಟಿಸು' ಎಂದೆ.

'ಇದು ನಮ್ಮಮ್ಮ ಮಿಸ್.'

ನೋಡಿದೆ. ಚಿ. ಸೌ. ಮಲಕವ್ವ. ಒಂದು ಅಕ್ಷರವೂ ಹರಿದಿರಲಿಲ್ಲ. ಮೂರು ಸಲ ಗೆರೆ ಎಳೆದದ್ದು ಅದಕ್ಕೆ. ಮೂಲೆಗಳನ್ನು ಅಂಟಿಸಲು ಅವಳು ಮತ್ತೆ ಗೋಂದು ಹುಡುಕುತ್ತಿದ್ದಾಗ ನೀವು ಬಾಗಿಲಿಗೆ ಬಂದಿರಿ.

ಆ ಪುಸ್ತಕವನ್ನು ದೂರಿನ ಜೊತೆ ಸಾಕ್ಷಿ ಎಂದು ತೆಗೆದುಕೊಂಡು ಹೋದರು.

ಇಂತಿ,
ಭುವನೇಶ್ವರಿ



ಜಿಗಣಿ
11-11-2024

ಅಕ್ಕೋರೆ,

ಅವಳು ಹೇಳಲಿಲ್ಲ. ಹೇಳಲು ನಾನು ಬಿಡಲಿಲ್ಲ. ಮನೆಗೆ ಬಂದ ಮೇಲೆ ಆವತ್ತು ನಾನು ಅವಳಿಗೆ ಎರಡು ಬಾರಿಸಿದೆ, ಅದನ್ನು ನಿಮಗೆ ಬರೆದಿರಲಿಲ್ಲ.

ನಾಳೆ ರಜೆ ಹಾಕಿದ್ದೇನೆ. ಶಿಕ್ಷಣ ಇಲಾಖೆಯ ಕಚೇರಿಗೆ ಹೋಗುತ್ತೇನೆ.

ಮಹಾಂತಮ್ಮ



॥ ಶ್ರೀ ಬನಶಂಕರಿ ಪ್ರಸನ್ನ ॥

ಜಿಗಣಿ
27-11-2024

ಭುವನೇಶ್ವರಿ ಅಕ್ಕೋರಿಗೆ,

ದೂರು ಕೊಡಲು ಅರ್ಧ ಗಂಟೆ ಸಾಕಾಗಿತ್ತು. ತೆಗೆಯಲು ಮೂರು ದಿನದ ರಜೆ ಹೋಯಿತು.

ಮೊದಲ ಸಲ ಹೋದಾಗ ಗುಮಾಸ್ತರು ತಲೆ ಎತ್ತದೆ, 'ಅಮ್ಮಾ, ದೂರು ಸಮಿತೀದು. ನೀವೊಬ್ರೇ ಬಂದು ಸುಳ್ಳು ಅಂದ್ರೆ ಆಗಲ್ಲ. ಸಭೆ ಮಾಡಿ, ಠರಾವು ಬರ್ಸ್ಕೊಂಡ್ ಬನ್ನಿ' ಎಂದರು. ಸಭೆ ಕರೆದೆ. ಒಂಬತ್ತು ಜನ ಬಂದರು. ವಿಷಯ ಹೇಳುತ್ತಿದ್ದಂತೆ ಪರಮಾನಂದ ನಕ್ಕ.

'ಅಲ್ರೀ ಮಹಾಂತಮ್ಮ, ಅವತ್ತ ಬಾಯಿ ಬಡ್ಕೊಂಡಾಕಿ ನೀವಾ ಅಲ್ಲೇನ್ರಿ? ಈಗೇನು, ದೇವಿ ಕನಸಿನ್ಯಾಗ ಬಂದು ಮಾಫಿ ಮಾಡ್ಯಾಳೇನು?'

'ದೇವಿದು ದೇವಿಗೆ ಬಿಡು. ತುಳಿಸಿದ್ದನ್ನ ಕಣ್ಣಾರೆ ಕಂಡೋರು ಕೈ ಎತ್ರಿ.'

ಒಂದು ಕೈಯೂ ಏಳಲಿಲ್ಲ. ಹಾಗಾದರೆ ಠರಾವಿಗೆ ಸಹಿ ಹಾಕಿ ಎಂದೆ. ಅದಕ್ಕೂ ಒಂದು ಕೈ ಮುಂದೆ ಬರಲಿಲ್ಲ. ಒಬ್ಬರಿಗೆ ಹಾಲು ತರುವುದಿತ್ತು, ಒಬ್ಬರಿಗೆ ಶಿಫ್ಟಿಗೆ ಹೊತ್ತಾಗಿತ್ತು. ಒಬ್ಬಳು ಮಾತ್ರ ಹೋಗುತ್ತ ನನ್ನ ಕಿವಿಯಲ್ಲಿ, 'ನಮ್ ಹೆಸರು ಯಾಕ್ಬೇಕು ಅಕ್ಕಾ, ನೀವೇ ನೋಡ್ಕೊಳ್ಳಿ' ಎಂದಳು.

ಎರಡನೇ ಸಲ ಹೋದಾಗ ಅಧಿಕಾರಿ ಇರಲಿಲ್ಲ. ಮೂರನೇ ಸಲ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತೆ. ಕುಳಿತಲ್ಲೇ ದೇವಿಯ ನಾಮ ನೂರೆಂಟು ಸಲ ಹೇಳಿ ಮುಗಿಸಿದೆ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಕೊನೆಗೆ ಒಳಗೆ ಕರೆದರು. ನಾನು ಬರೆದುಕೊಂಡು ಹೋಗಿದ್ದ ಹೇಳಿಕೆ ಕೊಟ್ಟೆ.

'ಓದಿ ತಿಳ್ಕೊಂಡೇ ಸೈನ್ ಹಾಕಿದ್ರಾ?'

'ಹೌದ್ರಿ. ಓದಾಕ ಬರ್ತದ.'

'ಸುಳ್ಳು ದೂರು ಅಂತಾದ್ರೆ ನಿಮ್ಮ ಮೇಲೇನೇ ಕ್ರಮ ಆಗುತ್ತೆ, ಗೊತ್ತಾ?'

'ಆಗಲಿ ಬಿಡ್ರಿ.'

ಅವರು ಕಡತ ಬಿಚ್ಚಿದರು. ಒಳಗೆ ಸವಿತಾಳ ಪುಸ್ತಕವಿತ್ತು. ಅಧಿಕಾರಿ ಹಾಳೆ ತಿರುಗಿಸುವಾಗ ನನಗೆ ತಲೆಕೆಳಗಾಗಿ ಕಂಡಿತು. ಆದರೂ ಓದಿದೆ. ಮಗಳ ಹೆಸರನ್ನು ಯಾವ ಕಡೆಯಿಂದ ಇಟ್ಟರೂ ಓದಬಲ್ಲೆ. ನೀವು ಬರೆದ ಹಾಗೇ ಇತ್ತು. ಸುತ್ತ ಮೂರು ಕಡೆ ಹರಿದಿತ್ತು, ನಡುವೆ ಒಂದು ಗೀರೂ ಇರಲಿಲ್ಲ. ಪುಸ್ತಕ ಕೊಡಿ ಎಂದೆ. ಗುಮಾಸ್ತರು ಕೈ ಅಡ್ಡ ಹಿಡಿದರು.

'ಅದು ಸಾಕ್ಷಿ ಅಮ್ಮಾ. ಕೊಡಕ್ಕಾಗಲ್ಲ.'

'ಯಾವುದಕ್ಕ ಸಾಕ್ಷಿ?'

'ಅದೇ, ಹರಿದಿದ್ದಕ್ಕೆ.'

'ಅದು ಹರೀದೆ ಉಳಿಸಿದ ತುಂಡ್ರೀ, ಸಾಹೇಬ್ರ!'

ಅವರಿಗೆ ಅರ್ಥವಾಗಲಿಲ್ಲ. ಹೇಳಿಕೆ ಇಟ್ಟುಕೊಂಡು, ಪುಸ್ತಕ ಕೊಡದೆ ಕಳಿಸಿದರು. ಅಧ್ಯಕ್ಷೆಯ ಸ್ಥಾನಕ್ಕೂ ಅಲ್ಲೇ ರಾಜೀನಾಮೆ ಬರೆದುಕೊಟ್ಟೆ.

ನನ್ನ ಕೈಯಲ್ಲಿದ್ದದ್ದು ಇಷ್ಟು. ಇನ್ನು ನೀವು ಬಂದುಬಿಡಿ. ಮಕ್ಕಳು ಬಹುಭುಜದ ಪಾಠದ ಹಾಳೆ ತೆರೆದು ಮುಚ್ಚುತ್ತಿದ್ದಾರೆ.

ಇತಿ,
ಮಹಾಂತಮ್ಮ



7-12-2024

ಮಹಾಂತಮ್ಮನವರಿಗೆ,

ಆದೇಶ ಬಂದಿದೆ. ಆರೋಪ ಸಾಬೀತಾಗಿಲ್ಲ, ಕಡತ ಮುಕ್ತಾಯ ಎಂದಿದೆ. ಸೇವಾ ಪುಸ್ತಕದಲ್ಲಿ ಏನೂ ಬರೆದಿಲ್ಲ. ನಿಮ್ಮ ಹೇಳಿಕೆಯಿಂದಲೇ ಆದದ್ದು. ನಿಮ್ಮ ಮೇಲೆ ಕ್ರಮವೂ ಇಲ್ಲ ಎಂದು ತಿಳಿಯಿತು.

ಬೇಕಿದ್ದರೆ ಜಿಗಣಿಗೆ ಮರಳಬಹುದು ಎಂದರು. ಇಲ್ಲೇ ಇರುತ್ತೇನೆ ಎಂದು ಬರೆದುಕೊಟ್ಟೆ. ಇಲ್ಲಿ ಇರುವುದು ಹತ್ತೊಂಬತ್ತು ಮಕ್ಕಳು. ಆನೆ ಬಂದ ದಿನ ಶಾಲೆ ಇಲ್ಲ, ಬಸ್ಸು ಕೆಟ್ಟ ದಿನ ನಾನಿಲ್ಲ. ಆದರೂ ಹೆದರಿಕೆಯಿಲ್ಲದೆ ಬಾಗಿಲು ತೆರೆದು ಪಾಠ ಮಾಡುತ್ತೇನೆ. ಅಲ್ಲಿಗೆ ಬಂದರೆ ಪ್ರತಿ ಶನಿವಾರ ಬಾಗಿಲ ಕಡೆ ನೋಡುತ್ತ ಪಾಠ ಮಾಡಬೇಕಾಗುತ್ತದೆ. ಅದು ನನ್ನಿಂದ ಆಗದು.

ನೀವು ಅಧಿಕಾರಿಯ ಮುಂದೆ ನಿಜ ಹೇಳಿದಿರಿ. ದೊಡ್ಡದು. ಆದರೆ ಅಧಿಕಾರಿ ಅಂದು ತರಗತಿಯಲ್ಲಿ ಇರಲಿಲ್ಲ. ಇದ್ದವರು ಮಕ್ಕಳು. ಅವರ ಮಿಸ್ಸು ಚೀಲ ಎತ್ತಿಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದ್ದಾರೆ. ಆಕೆ ತಪ್ಪು ಮಾಡಿಲ್ಲ ಎಂದು ಅವರಿಗೆ ಈವರೆಗೆ ಯಾರೂ ಹೇಳಿಲ್ಲ. ಕಡತ ಮುಚ್ಚಿದ್ದು ನಲವತ್ತೆರಡು ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಇದಕ್ಕೆ ನನಗೆ ಉತ್ತರ ಬರೆಯಬೇಕಾಗಿಲ್ಲ.

ಇಂತಿ,
ಭುವನೇಶ್ವರಿ



॥ ಶ್ರೀ ಬನಶಂಕರಿ ಪ್ರಸನ್ನ ॥

ಜಿಗಣಿ
15-12-2024, ಭಾನುವಾರ

ಭುವನೇಶ್ವರಿ ಅಕ್ಕೋರಿಗೆ,

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ ಮೇಲೂ ಬರುವುದಿಲ್ಲವಂತೆ ಎಂದು ಮನೆಯವರ ಮೇಲೆ ಹರಿಹಾಯ್ದೆ. ಎರಡು ದಿನ ಬಿಟ್ಟು ಮತ್ತೆ ಓದಿದೆ. ಉತ್ತರ ಬೇಡ ಎಂದಿದ್ದೀರಿ. ಆದರೂ ಬರೆಯುತ್ತೇನೆ.

ಹೆಡ್ ಮಾಸ್ತರರನ್ನು ಕೇಳಿ ನಿನ್ನೆ ಒಂದು ಅವಧಿ ತೆಗೆದುಕೊಂಡೆ. ಫ್ಯಾಕ್ಟರಿಯ ಬರಿಯ ರಟ್ಟುಗಳನ್ನು ಒಂದು ಚೀಲ ತುಂಬಿಕೊಂಡು ಹೋದೆ. ಹಂಚಿದೆ. ತ್ರಿಭುಜ ಬರೆದು ಕತ್ತರಿಸಿ ಎಂದೆ, ಕತ್ತರಿಸಿದರು. ಇನ್ನು ಮೂಲೆ ಹರಿಯಿರಿ ಎಂದೆ.

ಯಾರೂ ಹರಿಯಲಿಲ್ಲ. ಅಷ್ಟೂ ಮಕ್ಕಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದರು. ಆ ದಿನ ಕೂಗಾಡಿದ ಅಜ್ಜಿಯೇ ಇವತ್ತು ಹರಿ ಎನ್ನುತ್ತಾಳೆ. ನಾನೇ ಆ ಬೆಂಚಿನಲ್ಲಿದ್ದರೆ ನಾನೂ ಹರಿಯುತ್ತಿರಲಿಲ್ಲ.

ನಿಂತಲ್ಲೇ ಹೇಳಿದೆ. 'ನಿಮ್ಮ ಮಿಸ್ಸು ಏನೂ ತುಳಿಸಿಲ್ಲ. ತುಳಿಸಿದ್ರು ಅಂತ ಬರೆದ ಕಾಗದಕ್ಕ ನಾನು ಸಹಿ ಹಾಕೀನಿ. ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಹಾಕೀನಿ.'

ಸವಿತಾ ಎದ್ದು ನಿಂತಳು. ಮನೆಯಲ್ಲಿ ಆಡದ ಮಾತನ್ನು ಅಷ್ಟು ಮಕ್ಕಳ ನಡುವೆ ಆಡಿದಳು.

'ಮತ್ತ ಅವತ್ತ ಯಾಕ ಹೇಳ್ಲಿಲ್ಲ ಆಯಿ?'

'ಸಿಟ್ಟಿತ್ತವ್ವಾ. ನಿಮ್ಮವ್ವನ ಹೆಸರು ಹರೀತು ಅಂತ ಸಿಟ್ಟಿತ್ತು.'

'ಹರಿದಿದ್ದಿಲ್ಲ.'

'ಈಗ ಗೊತ್ತಾತು.'

'ಅವತ್ತ ಕೇಳ್ಬೇಕಿತ್ತು' ಎಂದು ಕುಳಿತುಬಿಟ್ಟಳು.

ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಎತ್ತಿಕೊಂಡೆ. ಹಿಂದೆ ಚರ್ ಎಂದು ಸದ್ದು ಬಂತು. ಯಾರು ಮೊದಲು ಹರಿದರೋ ನೋಡಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು, ತರಗತಿಯ ತುಂಬ ಅದೇ ಸದ್ದು. ತಿರುಗಿ ನೋಡಿದರೆ ಸವಿತಾ ಒಬ್ಬಳ ರಟ್ಟು ಮಾತ್ರ ಮೇಜಿನ ಮೇಲೆ ಹಾಗೇ ಇತ್ತು. ಅವಳ ಕೈ ತೊಡೆಯ ಮೇಲೇ ಇತ್ತು.

ಎಲ್ಲರ ಮೂಲೆಗಳೂ ನೆಟ್ಟಗೆ ಸೇರಿದವು. ಮುಂದಿನ ಬೆಂಚಿನ ಯಮುನಾ ಎಂಬ ಹುಡುಗಿಯದು ಮಾತ್ರ ಬೇರೆಯೇ ಆಯಿತು.

'ಅಜ್ಜಿ, ನಂದು ಗೆರೆ ಬರ್ಲಿಲ್ಲ. ಪೂರ್ತಿ ರೌಂಡ್ ಬಂದ್ಬಿಡ್ತು!'

ಹೋಗಿ ನೋಡಿದೆ. ನಿಜ. ಅವಳ ಚೂರುಗಳು ಒಂದಕ್ಕೊಂದು ಒತ್ತಿಕೊಂಡು ಸುತ್ತ ಪೂರ್ತಿ ತುಂಬಿದ್ದವು, ಎಲ್ಲೂ ಜಾಗವಿರಲಿಲ್ಲ. ಎಲ್ಲಿ ತಪ್ಪಾಯಿತೋ ನನಗೆ ತಿಳಿಯಲಿಲ್ಲ. ತಲೆ ಕೆರೆದುಕೊಳ್ಳುತ್ತ ನಿಂತೆ. ಆಗ ಸವಿತಾ ಕುಳಿತಲ್ಲಿಂದಲೇ, ಏಳದೆ, ನನ್ನ ಕಡೆ ನೋಡದೆ, ಹೇಳಿದಳು.

'ಅದು ತ್ರಿಭುಜ ಅಲ್ಲ ಕಣೇ. ಮೂಲೆ ಎಣಿಸು.'

'ನಾಕೈತೆ.'

'ಮತ್ತೆ! ನಾಕಿದ್ರೆ ರೌಂಡೇ ಬರೋದು. ಐದಿದ್ರೆ ರೌಂಡ್ ದಾಟಿ ಹೋಗುತ್ತೆ.'

ಯಮುನಾ ಐದು ಮೂಲೆಯದನ್ನು ಕತ್ತರಿಸಲು ರಟ್ಟು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಿಮ್ಮನ್ನು ಬನ್ನಿ ಎಂದು ಇನ್ನು ಕರೆಯುವುದಿಲ್ಲ. ನಾಲ್ಕು ಮೂಲೆ ಯಾಕೆ ಪೂರ್ತಿ ಸುತ್ತು ತುಂಬುತ್ತವೆ, ಯಾವ ಆಕಾರದ್ದಾದರೂ ತುಂಬುತ್ತವೆಯೇ ಎಂದು ರಾತ್ರಿಯೆಲ್ಲ ತಲೆ ಕೊರೆಯಿತು. ನಿಮಗೆ ಬರೆದು ಕೇಳೋಣ ಎಂದೇ ಈ ಹಾಳೆ ತೆಗೆದೆ. ಬೇಡ. ಉತ್ತರ ಬಲ್ಲವಳು ಒಳಗೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ. ಈ ಪತ್ರ ಮುಚ್ಚಿಟ್ಟು ಅವಳನ್ನೇ ಕೇಳುತ್ತೇನೆ. ಹೇಳದಿದ್ದರೆ ನಾಳೆಯೂ ಕೇಳುತ್ತೇನೆ.

ಇತಿ,
ಮಹಾಂತಮ್ಮ